ಗಲ್ಫಿನಿಂದ ತಂದ ಕೈಕಂಪ್ಯೂಟರ್ ಪುಲ್ಪಳ್ಳಿಯ ಮನೆಯಲ್ಲಿ ನಡೆಯುತ್ತದಾ?

ಪುಲ್ಪಳ್ಳಿ (ವಯನಾಡ್): ಗಲ್ಫಿನಿಂದ ರಜೆಯಲ್ಲಿ ಬರುವವರ ಹತ್ತಿರ ಮನೆಯ ಮಕ್ಕಳು ಹಿಂದೆ ಕೇಳುತ್ತಿದ್ದದ್ದು ವಾಚು, ಟೇಪ್ ರೆಕಾರ್ಡರ್, ಚಾಕಲೇಟು. ಈಗ ಕೇಳುವುದು ಟ್ಯಾಬ್, ಐಫೋನ್, ಇಲ್ಲಾಂದ್ರೆ ಎರಡು ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್. ದುಬೈಯ ಅಂಗಡಿಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಯಾಕೆಂದರೆ ಅಂಗಡಿಯಲ್ಲಿ ವೈಫೈ ಉಂಟು. ಊರಿಗೆ ತಂದು ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾಗುತ್ತದೆ, ಅದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಮನೆಯಲ್ಲಿ ವೈಫೈಯೂ ಇಲ್ಲ. ತಿಂಗಳುಗಟ್ಟಲೆ ಉಳಿಸಿದ ದುಡ್ಡು ಕಪಾಟಿನೊಳಗೆ ಹೋಗಿ ಕೂರುತ್ತದೆ.

ಪುಲ್ಪಳ್ಳಿಯಂಥ ಗಡಿ ಊರಿನಲ್ಲಿ ಈ ತಪ್ಪು ಇನ್ನೂ ದುಬಾರಿ. ಸುಲ್ತಾನ್ ಬತ್ತೇರಿ ತಾಲೂಕಿನ ಈ ಪೇಟೆ ಕರಿಮೆಣಸು, ಕಾಫಿ, ಶುಂಠಿಯ ನಾಡು. ಇಲ್ಲಿಂದ ಪೆರಿಕ್ಕಲ್ಲೂರು ಅಥವಾ ಮರಕ್ಕಡವಿಗೆ ಹೋದರೆ ಕಬಿನಿ ಹೊಳೆ. ಆಚೆ ದಡ ಎಚ್.ಡಿ. ಕೋಟೆ ತಾಲೂಕಿನ ಬೈರಕುಪ್ಪೆ. ಕಡವಿನಲ್ಲಿ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕ. ಇಲ್ಲಿಯ ಎಷ್ಟೋ ಕೃಷಿಕರು ಕೊಡಗು, ಮೈಸೂರು ಕಡೆಗೆ ಹೋಗಿ ಜಮೀನು ಗೇಣಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಅಪ್ಪ ಒಂದು ರಾಜ್ಯದ ತೋಟದಲ್ಲಿ, ಮಕ್ಕಳು ಇನ್ನೊಂದು ರಾಜ್ಯದ ಶಾಲೆಯಲ್ಲಿ, ದೊಡ್ಡವನು ಕಡಲಾಚೆ. ಇಂಥ ಮನೆಗೆ ಕಿಸೆಯ ಕಂಪ್ಯೂಟರ್ ಶೋಕಿಯ ಸಾಮಾನಲ್ಲ. ಮಾತು, ಪಾಠ, ಹಣ, ಮನರಂಜನೆ ಎಲ್ಲವೂ ಅದರಲ್ಲೇ.

ಅಂಗಡಿಗೆ ಹೋದವರು ಮೊದಲು ಕೇಳುವುದು ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ. ಇದನ್ನು ಬಳಸುವ ಮನೆಯಲ್ಲಿ, ಅದರಲ್ಲೂ ಮಕ್ಕಳು ಕೂತು ಓದುವ ಕೋಣೆಯಲ್ಲಿ, ಯಾವ ಸಿಗ್ನಲ್ ಬರುತ್ತದೆ? ಈ ಸಾಧನ ಆ ಸಿಗ್ನಲ್ಲನ್ನು ಹಿಡಿಯುತ್ತದಾ?

ಇದು ಹೊಸ ಪಾಠವೂ ಅಲ್ಲ. ಕಿಸೆಯ ಕಂಪ್ಯೂಟರನ್ನು ಹಳ್ಳಿಗೆ ಮುಟ್ಟಿಸಬೇಕು ಅಂತ ಮೊದಲು ಗಂಭೀರವಾಗಿ ಹೊರಟವರು ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಸೇರಿ ಕಟ್ಟಿದ ಸಿಂಪ್ಯೂಟರ್ 2001ರಲ್ಲಿ ಜನರ ಮುಂದೆ ಬಂತು. ಐಫೋನ್ ಬರುವುದಕ್ಕೆ ಇನ್ನೂ ಆರು ವರ್ಷ ಇತ್ತು. ಅಂಗೈ ಅಗಲದ ಸಾಧನ, ಬೆರಳಲ್ಲಿ ಮುಟ್ಟುವ ಪರದೆ, ಒಳಗೆ ಲಿನಕ್ಸ್. ಓದಲು ಬಾರದವರಿಗಾಗಿ ಕನ್ನಡ ಮೊದಲಾದ ಭಾಷೆಗಳಲ್ಲಿ ಅಕ್ಷರವನ್ನು ಮಾತಾಗಿಸುವ ವ್ಯವಸ್ಥೆಯನ್ನೂ ರೂಪಿಸಿದರು. ಒಂದು ಸಾಧನವನ್ನು ಊರಿನ ಹಲವರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಅದರ ಹಿಂದಿನ ಒಳ್ಳೆಯ ಯೋಚನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ ಹತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬಂತು. ಕೈ ಓರೆ ಮಾಡಿದರೆ ಪುಟ ತಿರುಗುವ ಸೌಲಭ್ಯ ಆಗಲೇ ಅದರಲ್ಲಿತ್ತು. ಕರ್ನಾಟಕ ಸರಕಾರ ಜಮೀನು ದಾಖಲೆಯ ಕೆಲಸಕ್ಕೂ ಅದನ್ನು ಬಳಸಿ ನೋಡಿತು.

ಆದರೂ ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ಕಾರಣ ಹಲವು. ದೊಡ್ಡ ಕಾರಣ ಇದು: ಅದೇ ಹೊತ್ತಿಗೆ ಮೊಬೈಲ್ ಫೋನ್ ಅಗ್ಗವಾಯಿತು, ಹಳ್ಳಿಗಳಲ್ಲಿ ಟವರ್ ಎದ್ದಿತು. ಜನರಿಗೆ ಬೇಕಾದದ್ದು ದೂರದವರ ಹತ್ತಿರ ಮಾತಾಡ್ಲಿಕ್ಕೆ. ಸಿಂಪ್ಯೂಟರಿನಲ್ಲಿ ಲೆಕ್ಕ, ಬರಹ, ಧ್ವನಿ ಎಲ್ಲ ಇತ್ತು. ಆದರೆ ಕಿಸೆಯಿಂದ ತೆಗೆದು ಅಣ್ಣನಿಗೆ ಕಾಲ್ ಮಾಡಲು ಆಗುತ್ತಿರಲಿಲ್ಲ. ಹತ್ತು ವರ್ಷದ ನಂತರ, 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಬಿಡುಗಡೆಯಾದ 'ಆಕಾಶ್' ಟ್ಯಾಬ್ಲೆಟ್ಟಿನದ್ದೂ ಬಹುಮಟ್ಟಿಗೆ ಇದೇ ಕಥೆ. ವಿದ್ಯಾರ್ಥಿಗಳಿಗೆ ಅಂತ ಮಾಡಿದ ಏಳು ಇಂಚಿನ ಅಗ್ಗದ ಸಾಧನ, ಆದರೆ ವೈಫೈ ಮಾತ್ರ. ಆಗ ಎಷ್ಟು ಹಳ್ಳಿ ಕಾಲೇಜುಗಳಲ್ಲಿ ವೈಫೈ ಇತ್ತು?

2020ರ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ಚಾನೆಲ್ ಮೂಲಕ 'ಫಸ್ಟ್ ಬೆಲ್' ಪಾಠ ಶುರುವಾದಾಗ ವಯನಾಡಿನ ಕಾಡಂಚಿನ ಮನೆಗಳಿಗೆ ಈ ಪ್ರಶ್ನೆ ನೇರವಾಗಿ ಬಂತು. ಪಾಠ ಟಿವಿಯಲ್ಲೂ ಬರುತ್ತಿದ್ದುದರಿಂದ ಊರಿಗೊಂದು ಕಡೆ ಮಕ್ಕಳನ್ನು ಕೂರಿಸಿ ತೋರಿಸುವುದು ಸಾಧ್ಯವಾಯಿತು. ಆದರೆ ಟೀಚರಿಗೆ ಉತ್ತರ ಕಳಿಸುವುದಕ್ಕೆ ಫೋನ್ ಬೇಕು, ಫೋನಿಗೆ ಸಿಗ್ನಲ್ ಬೇಕು. ಸಾಧನ ದಾನವಾಗಿ ಸಿಕ್ಕಿದ ಮನೆಯಲ್ಲೂ ಮಕ್ಕಳು ಅದನ್ನು ಹಿಡಿದು ಗುಡ್ಡ ಹತ್ತಬೇಕಾದ ಸ್ಥಿತಿ ಮಲೆನಾಡಿನವರಿಗೂ, ಸುಳ್ಯ, ಬೆಳ್ತಂಗಡಿ ಕಡೆಯವರಿಗೂ ನೆನಪಿರಬಹುದು.

ಹಾಗಾದರೆ ಸಿಗ್ನಲ್ ಅಂದರೆ ಏನು ನೋಡಬೇಕು? ಮೊಬೈಲ್ ಕಂಪನಿಗಳು ಬೇರೆ ಬೇರೆ ತರಂಗಗಳಲ್ಲಿ ಸೇವೆ ಕೊಡುತ್ತವೆ. ಇದಕ್ಕೆ ಬ್ಯಾಂಡ್ ಅನ್ನುತ್ತಾರೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡುಗಳು ದೂರ ಹೋಗುತ್ತವೆ, ಮರ, ಗೋಡೆಗಳನ್ನೂ ಸ್ವಲ್ಪ ದಾಟುತ್ತವೆ. 2300 ಅಥವಾ 5ಜಿಯ 3500 ಮೆಗಾಹರ್ಟ್ಸ್ ವೇಗ ಕೊಡುತ್ತವೆ, ಆದರೆ ದೂರ ಹೋಗುವುದಿಲ್ಲ. ಪೇಟೆಯ ಮಧ್ಯೆ ಎರಡನೆಯದ್ದು ಒಳ್ಳೆಯದು. ಅಡಿಕೆ, ಕಾಫಿ, ಸಿಲ್ವರ್ ಓಕ್ ಮರಗಳ ನಡುವಿನ ಮನೆಗೆ ಬೇಕಾದದ್ದು ಮೊದಲನೆಯದ್ದು. ಜಿಯೋ 4ಜಿ 850, 1800, 2300ರಲ್ಲಿ ಇದೆ. ಏರ್‌ಟೆಲ್ ಹೆಚ್ಚಾಗಿ 900, 1800, 2100, 2300ರಲ್ಲಿ. ಬಿಎಸ್ಸೆನ್ನೆಲ್‌ನ ಹೊಸ 4ಜಿ ಮುಖ್ಯವಾಗಿ 700 ಮತ್ತು 2100ರಲ್ಲಿ. ಈ 700ನ್ನು ಸಾಧನದ ವಿವರದಲ್ಲಿ ಬಿ28 ಅಂತ, 850ನ್ನು ಬಿ5 ಅಂತ, 900ನ್ನು ಬಿ8 ಅಂತ ಬರೆದಿರುತ್ತಾರೆ. ಅಗ್ಗದ ಹಳೆಯ ಟ್ಯಾಬುಗಳಲ್ಲಿ ಬಿ28 ಇಲ್ಲದೆ ಇರುವುದುಂಟು. ಮನೆಯಲ್ಲಿ ಬಿಎಸ್ಸೆನ್ನೆಲ್ ಒಂದೇ ಗತಿ ಅಂತಾದರೆ ಅಂಥದ್ದು ತಂದು ಏನು ಪ್ರಯೋಜನ!

ಹೊಳೆ ದಂಡೆಯಲ್ಲಿ ಇನ್ನೊಂದು ತಮಾಷೆ ಉಂಟು. ಫೋನಿಗೆ ರಾಜ್ಯದ ಗಡಿ ಗೊತ್ತಿಲ್ಲ. ತನ್ನ ಕಂಪನಿಯ ಯಾವ ಟವರ್ ಗಟ್ಟಿಯಾಗಿ ಕೇಳುತ್ತದೋ ಅದನ್ನು ಹಿಡಿಯುತ್ತದೆ, ಈಚೆಯದ್ದಾಗಲಿ ಆಚೆಯದ್ದಾಗಲಿ. ಹಿಂದೆ ಇದಕ್ಕೆ ರೋಮಿಂಗ್ ದುಡ್ಡು ಕತ್ತರಿಸುತ್ತಿದ್ದರು. ದೇಶದೊಳಗಿನ ರೋಮಿಂಗ್ ಈಗ ಪ್ಲಾನಿನೊಳಗೇ ಬರುವುದರಿಂದ ದುಡ್ಡಿನ ತೊಂದರೆ ಇಲ್ಲ. ತೊಂದರೆ ಬ್ಯಾಟರಿಗೆ. ಸಿಗ್ನಲ್ ಕ್ಷೀಣವಾದ ಕಡೆ ಫೋನ್ ತನ್ನ ದನಿಯನ್ನು ಏರಿಸುತ್ತದೆ, ಪದೇ ಪದೇ ಟವರ್ ಹುಡುಕುತ್ತದೆ. ಮಂಗಳೂರಿನಲ್ಲಿ ಒಂದೂವರೆ ದಿನ ಬರುವ ಬ್ಯಾಟರಿ ಕಡವಿನ ಹತ್ತಿರ ಸಂಜೆಗೇ ಕೈ ಎತ್ತುವುದು ಇದರಿಂದ. 5ಜಿ ಇಲ್ಲದ ಜಾಗದಲ್ಲಿ ಸೆಟ್ಟಿಂಗಿನಲ್ಲಿ 4ಜಿ ಮಾತ್ರ ಅಂತ ಇಟ್ಟರೆ ಈ ಹುಡುಕಾಟ ಕಡಿಮೆಯಾಗುತ್ತದೆ.

ಇನ್ನು ಸಾಧನದ ಜಾತಿಗೆ ಬರೋಣ. ಗಲ್ಫಿನ ಅಂಗಡಿಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಗೇಮಿಂಗ್ ಹ್ಯಾಂಡ್‌ಹೆಲ್ಡ್ ಕಡೆಗೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಬಂತು, ಏಸಸ್‌ನ ಆರ್‌ಒಜಿ ಆಲೈ 2023ರಲ್ಲಿ. ಆಲೈ ಅಂದರೆ ವಿಂಡೋಸ್ 11 ಇರುವ ಪೂರ್ತಿ ಕಂಪ್ಯೂಟರೇ, ಏಳು ಇಂಚಿನ ಪರದೆ, ಎರಡು ಬದಿಯಲ್ಲಿ ಗುಂಡಿಗಳು. ತೂಕ ಆರುನೂರು ಗ್ರಾಂ ಮೇಲೆ. ಕಿಸೆಯ ಕಂಪ್ಯೂಟರ್ ಅಂತ ಕರೆದರೂ ಕಿಸೆಗೆ ಹೋಗುವುದಿಲ್ಲ, ಲುಂಗಿಯ ಮಡಿಕೆಗಂತೂ ಇಲ್ಲವೇ ಇಲ್ಲ. ಸ್ಟೀಮ್ ಡೆಕ್ಕನ್ನು ಭಾರತದಲ್ಲಿ ಕಂಪನಿಯೇ ನೇರವಾಗಿ ಮಾರುತ್ತಿಲ್ಲ. ಹಾಗಾಗಿ ಹಾಳಾದರೆ ರಿಪೇರಿಗೆ ಯಾರ ಹತ್ತಿರ ಹೋಗುವುದು ಅನ್ನುವುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಎರಡರಲ್ಲೂ ಸಿಮ್ ಇಲ್ಲ. ಫೋನಿನ ಹಾಟ್‌ಸ್ಪಾಟ್ ಕೊಡಬಹುದಲ್ಲ ಅಂತ ಹುಡುಗರು ವಾದಿಸುತ್ತಾರೆ. ಕೊಡಬಹುದು, ಆದರೆ ಲೆಕ್ಕ ಹಾಕಿ ನೋಡಿ. ದೊಡ್ಡ ಕಂಪ್ಯೂಟರ್ ಗೇಮುಗಳು 60 ಜಿಬಿ, ಕೆಲವು 100 ಜಿಬಿಯೂ ದಾಟುತ್ತವೆ. ದಿನಕ್ಕೆ 2 ಜಿಬಿ ಪ್ಲಾನಿನಲ್ಲಿ 60 ಜಿಬಿ ಇಳಿಸಲು ಒಂದು ತಿಂಗಳು ಬೇಕು, ಅದೂ ಮನೆಯಲ್ಲಿ ಬೇರೆ ಯಾರೂ ಒಂದು ರೀಲ್ಸ್ ನೋಡದಿದ್ದರೆ. ಮಿತಿಯಿಲ್ಲದ ನೆಟ್ ಇದ್ದು 10 ಎಂಬಿಪಿಎಸ್ ವೇಗ ಬಂದರೂ ಹದಿಮೂರು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಬ್ಯಾಟರಿಯ ಲೆಕ್ಕವೂ ಹಾಗೇ. ಆಲೈಯ ಮೊದಲ ಮಾದರಿಯಲ್ಲಿ ಇದ್ದದ್ದು 40 ವಾಟ್-ಅವರ್ ಬ್ಯಾಟರಿ. ದೊಡ್ಡ ಗೇಮ್ ಇಪ್ಪತ್ತು ವಾಟ್ ಎಳೆದರೆ ಎರಡು ಗಂಟೆ, ಅದಕ್ಕಿಂತ ಹೆಚ್ಚು ಎಳೆದರೆ ಅಷ್ಟೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ ರಾತ್ರಿ ಅದು ಬರೀ ಭಾರ. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದ್ದು, ಓದು ಮುಗಿಸಿ ಆಡುವ ದೊಡ್ಡ ಹುಡುಗ ಇದ್ದರೆ ಅದು ಒಳ್ಳೆಯ ಸಾಧನವೇ. ಇಲ್ಲದಿದ್ದರೆ ಬೇಡ.

ಮೊಬೈಲ್ ಗೇಮಿಗೆ ಅಷ್ಟು ಡೇಟಾ ಬೇಡ. ಒಮ್ಮೆ ಇಳಿಸಿಕೊಂಡ ಮೇಲೆ ನಾಲ್ಕು ಜನ ಸೇರಿ ಆಡುವ ಶೂಟಿಂಗ್ ಗೇಮ್ ಗಂಟೆಗೆ ನೂರು ಎಂಬಿಯ ಆಸುಪಾಸಿನಲ್ಲಿ ಮುಗಿಸುತ್ತದೆ. ಅಲ್ಲಿ ಮುಖ್ಯವಾದದ್ದು ಪಿಂಗ್, ಅಂದರೆ ಗುಂಡಿ ಒತ್ತಿದ್ದು ಸರ್ವರಿಗೆ ಮುಟ್ಟಿ ವಾಪಸ್ ಬರುವ ಹೊತ್ತು. ಸಿಗ್ನಲ್ ಕಡ್ಡಿ ಕುಣಿಯುವ ಜಾಗದಲ್ಲಿ ಎಷ್ಟು ದುಬಾರಿ ಫೋನ್ ಇದ್ದರೂ ಪಿಂಗ್ ಕುಣಿಯುತ್ತದೆ. ಮಗ "ಫೋನ್ ಸ್ಲೋ ಆಗಿದೆ ಬಾಪಾ, ಹೊಸತು ಬೇಕು" ಅಂದರೆ ನಿಜವಾಗಿ ಸ್ಲೋ ಆದದ್ದು ಫೋನಾ, ನೆಟ್ಟಾ ಅಂತ ಒಮ್ಮೆ ಪೇಟೆಗೆ ಕರ್ಕೊಂಡು ಹೋಗಿ ಪರೀಕ್ಷಿಸುವುದು ಒಳ್ಳೆಯದು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಆದರೂ ಅಂಥ ಆ್ಯಪುಗಳ ಲಿಂಕುಗಳು ಓಡಾಡುತ್ತಿರುತ್ತವೆ. ಮಕ್ಕಳ ಕೈಗೆ ಕೊಡುವ ಸಾಧನದಲ್ಲಿ ಹೊರಗಿನ ಆ್ಯಪ್ ಹಾಕುವ ಅನುಮತಿಯನ್ನು ಮೊದಲ ದಿನವೇ ಬಂದ್ ಮಾಡಿಡಬೇಕು.

ಹೆಚ್ಚಿನ ಮನೆಗಳಿಗೆ ನಿಜವಾದ ಆಯ್ಕೆ ಇರುವುದು ದೊಡ್ಡ ಪರದೆಯ ಫೋನ್ ಮತ್ತು ಟ್ಯಾಬ್ ನಡುವೆ. ಟ್ಯಾಬ್ ಕೊಳ್ಳುವುದಾದರೆ ವೈಫೈ ಮಾತ್ರ ಇರುವುದು, ಸಿಮ್ ಇರುವುದು ಅಂತ ಎರಡು ಮಾದರಿ ಇರುತ್ತದೆ. ಹೊರಗಿನಿಂದ ನೋಡ್ಲಿಕ್ಕೆ ಎರಡೂ ಒಂದೇ. ಬೆಲೆ ಕಡಿಮೆ ಅಂತ ವೈಫೈ ಮಾದರಿ ತಂದವರೇ ಹೆಚ್ಚು. ಅದರಲ್ಲಿ ಸಿಮ್ ಇಲ್ಲದ ಕಾರಣ ಯುಪಿಐ ಆ್ಯಪನ್ನು ನೋಂದಾಯಿಸಲೂ ಆಗುವುದಿಲ್ಲ, ಯಾಕೆಂದರೆ ಬ್ಯಾಂಕಿಗೆ ಸೇರಿಸಿದ ನಂಬರಿನಿಂದ ಆ ಸಾಧನವೇ ಒಂದು ಎಸ್ಸೆಮ್ಮೆಸ್ ಕಳಿಸಬೇಕು. ಪಾಠಕ್ಕೆ, ಕುರ್‌ಆನ್ ಓದು ಕೇಳುವುದಕ್ಕೆ, ವೀಡಿಯೊ ಕಾಲಿಗೆ ಮಾತ್ರ ಸಾಕು, ಪಕ್ಕದಲ್ಲಿ ಯಾವಾಗಲೂ ಹಾಟ್‌ಸ್ಪಾಟ್ ಕೊಡುವ ಫೋನ್ ಇರುತ್ತದೆ ಅಂತಾದರೆ ವೈಫೈ ಟ್ಯಾಬ್ ಆಗಬಹುದು. ಆದರೆ ಆ ಫೋನ್ ಬಾಪನ ಕಿಸೆಯಲ್ಲಿ ಶುಂಠಿ ಗದ್ದೆಗೆ ಹೋದರೆ ಮಕ್ಕಳ ಪಾಠ ನಿಂತಿತು.

ಗಲ್ಫಿನಲ್ಲಿ ಕೊಳ್ಳುವವರು ಈಗ ಗಮನಿಸಲೇಬೇಕಾದ ಹೊಸ ವಿಷಯ ಇ-ಸಿಮ್. 2025ರಲ್ಲಿ ಬಂದ ಐಫೋನ್ 17 ಸಾಲಿನ ಫೋನುಗಳನ್ನು ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್‌ನಲ್ಲಿ ಸಿಮ್ ಕಾರ್ಡಿನ ಜಾಗವೇ ಇಲ್ಲದೆ ಮಾರುತ್ತಿದ್ದಾರೆ. ಅಮೆರಿಕದಲ್ಲಿ ಇದು 2022ರ ಐಫೋನ್ 14ರಿಂದಲೇ ಶುರುವಾಗಿತ್ತು. ಭಾರತದಲ್ಲಿ ಮಾರುವ ಅದೇ ಐಫೋನ್ 17ರಲ್ಲಿ ಸಿಮ್ ಟ್ರೇ ಇದೆ. ಜಿಯೋ, ಏರ್‌ಟೆಲ್, ವಿ ಇಲ್ಲಿ ಇ-ಸಿಮ್ ಕೊಡುತ್ತವೆ, ಹಾಗಾಗಿ ಗಲ್ಫಿನ ಫೋನ್ ನಡೆಯುವುದೇ ಇಲ್ಲ ಅಂತಲ್ಲ. ಆದರೆ ಅದನ್ನು ಹಾಕಿಸಲು ಇಂಟರ್‌ನೆಟ್ ಬೇಕು, ಒಟಿಪಿ ಬೇಕು. ಫೋನ್ ಹಾಳಾದ ದಿನ ಸಿಮ್ ತೆಗೆದು ಉಮ್ಮನ ಗುಂಡಿ ಫೋನಿಗೆ ಹಾಕುವ ಸುಲಭ ದಾರಿ ಮುಚ್ಚಿಹೋಗುತ್ತದೆ. ಪೇಟೆಯಿಂದ ದೂರದ ಮನೆಗೆ ಇದು ಸಣ್ಣ ವಿಷಯ ಅಲ್ಲ. 2024ರ ಐಪ್ಯಾಡ್ ಪ್ರೊ ಕೂಡ ಇ-ಸಿಮ್ ಮಾತ್ರದ್ದು.

ಆಂಡ್ರಾಯ್ಡ್ ಫೋನುಗಳದ್ದು ಬೇರೆ ತಕರಾರು. ಕೆಲವು ಸ್ಯಾಮ್‌ಸಂಗ್ ಪೆಟ್ಟಿಗೆಗಳ ಮೇಲೆ, ಕೊಂಡ ಪ್ರದೇಶದ ಸಿಮ್ ಹಾಕಿ ಮೊದಲು ಐದು ನಿಮಿಷ ಮಾತಾಡಬೇಕು ಎಂಬ ಚೀಟಿ ಇರುತ್ತದೆ. ಅದನ್ನು ಅಲ್ಲೇ ಮುಗಿಸಿ ಬರಬೇಕು, ಪೆಟ್ಟಿಗೆ ಸೀಲ್ ಒಡೆಯದೆ ತಂದು ಊರಿನಲ್ಲಿ ಬಿಚ್ಚುವ ಸಂಭ್ರಮಕ್ಕೆ ಹೋದರೆ ಭಾರತದ ಸಿಮ್ ಹಿಡಿಯದೆ ಒದ್ದಾಟ. ಹೊರದೇಶದ ಸಾಫ್ಟ್‌ವೇರ್ ಇರುವ ಕೆಲವು ಫೋನುಗಳಲ್ಲಿ ನಮ್ಮ ಕಂಪನಿಗಳ ವೋಲ್ಟಿ ತೆರೆಯುವುದಿಲ್ಲ. ಜಿಯೋದಲ್ಲಿ 2ಜಿ, 3ಜಿ ಇಲ್ಲದ ಕಾರಣ ವೋಲ್ಟಿ ಇಲ್ಲದ ಫೋನಿನಲ್ಲಿ ಮಾಮೂಲಿ ಕಾಲೇ ಹೋಗುವುದಿಲ್ಲ. ಗಲ್ಫಿನಲ್ಲಿ ಚೆನ್ನಾಗಿ ಮಾರಾಟವಾಗುವ ಹುವಾವೇ ಸಾಧನಗಳಲ್ಲಿ 2019ರ ಅಮೆರಿಕದ ನಿರ್ಬಂಧದ ನಂತರ ಗೂಗಲ್ ಸೇವೆಗಳು ಬರುವುದಿಲ್ಲ. ಕ್ಯಾಮೆರಾ ಎಷ್ಟೇ ಚೆಂದ ಇರಲಿ, ಮಕ್ಕಳ ಪಾಠದ ಆ್ಯಪಿಗೂ ಬ್ಯಾಂಕಿನ ಆ್ಯಪಿಗೂ ಅಡ್ಡದಾರಿ ಹುಡುಕಬೇಕಾಗುತ್ತದೆ. ಚಾರ್ಜರಿನ ಮೂರು ಚೌಕದ ಕಾಲಿನ ಪಿನ್ ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಅಡಾಪ್ಟರ್ ಮರೆಯುವವರೇ ಜಾಸ್ತಿ.

ಸಿನಿಮಾ, ವೀಡಿಯೊ ನೋಡುವವರಿಗೆ ಒಂದು ಗುಟ್ಟು. ಪರದೆಗೆ ಫುಲ್ ಎಚ್‌ಡಿ ಅಂತ ಬರೆದಿದ್ದರೂ ಸಾಧನಕ್ಕೆ 'ವೈಡ್‌ವೈನ್ ಎಲ್1' ಎಂಬ ಮಾನ್ಯತೆ ಇಲ್ಲದಿದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್‌ನಂಥವು ಎಚ್‌ಡಿ ಕೊಡುವುದಿಲ್ಲ, ಮಸುಕಾಗಿಯೇ ಬರುತ್ತದೆ. ಹೆಸರಿಲ್ಲದ ಅಗ್ಗದ ಟ್ಯಾಬುಗಳಲ್ಲಿ ಈ ಮೋಸ ಹೆಚ್ಚು. ಅಂಗಡಿಯಲ್ಲೇ ಡಿಆರ್‌ಎಂ ಮಾಹಿತಿ ತೋರಿಸುವ ಒಂದು ಉಚಿತ ಆ್ಯಪ್ ಹಾಕಿ ನೋಡಿದರೆ ಎಲ್1, ಎಲ್3 ಯಾವುದು ಅಂತ ತಿಳಿಯುತ್ತದೆ. ಡೇಟಾ ವಿಷಯಕ್ಕೆ ಬಂದರೆ, ನೆಟ್‌ಫ್ಲಿಕ್ಸಿನವರೇ ಹೇಳುವ ಪ್ರಕಾರ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿ ತನಕ, ಎಚ್‌ಡಿಗೆ 3 ಜಿಬಿ ತನಕ ಬೇಕು. ಪುಲ್ಪಳ್ಳಿಯಂಥ ಕಡೆ ಬುದ್ಧಿವಂತಿಕೆ ಅಂದರೆ ವೈಫೈ ಇರುವ ಕಡೆ ಹೋದಾಗ ಇಳಿಸಿಕೊಂಡು ಮನೆಯಲ್ಲಿ ನೋಡುವುದು. ಪಾಠದ ವೀಡಿಯೊಗಳಿಗೂ ಇದೇ ದಾರಿ. ಅದಕ್ಕೆ ಜಾಗ ಬೇಕು: 64 ಜಿಬಿ ಸಾಧನದಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ನುಂಗುತ್ತದೆ. 128 ಜಿಬಿ ಇರಲಿ, ಜೊತೆಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಇನ್ನೂ ಒಳ್ಳೆಯದು. ಐಫೋನ್, ಐಪ್ಯಾಡುಗಳಲ್ಲಿ ಅದು ಇಲ್ಲ.

"8 ಜಿಬಿ ರ‍್ಯಾಮ್" ಎಂಬ ಸ್ಟಿಕ್ಕರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಹಲವು ಸಲ ಅದು 4 ಜಿಬಿ ನಿಜವಾದ ರ‍್ಯಾಮ್, ಉಳಿದ 4 ಜಿಬಿ ಸ್ಟೋರೇಜಿನಿಂದ ಸಾಲ ತೆಗೆದದ್ದು. ಸಾಲದ ರ‍್ಯಾಮ್ ನಿಧಾನ, ಗೇಮಿಗೆ ಪ್ರಯೋಜನ ಕಡಿಮೆ. ಸಣ್ಣ ಅಕ್ಷರದಲ್ಲಿ '4+4' ಅಂತ ಇದ್ದರೆ ಅದರ ಅರ್ಥ ಇದೇ.

ವೈಫೈ ಹಾಕಿಸುವ ಯೋಚನೆ ಇರುವವರು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಹಿಡಿಯುವ ಸಾಧನ ಆರಿಸಲಿ. ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆಯ ಹಳೆ ಮನೆಯಲ್ಲಿ ಕೋಣೆ ದಾಟಿ ಬರುವುದು 2.4. ರೌಟರ್ ಇರುವ ಕೋಣೆಯಲ್ಲೇ ಕೂತರೆ 5 ವೇಗವಾಗಿರುತ್ತದೆ. ಕರೆಂಟ್ ಹೋದರೆ ರೌಟರ್ ಆರಿಹೋಗುತ್ತದೆ ಅಂತ ಬೇಸರ ಬೇಡ, ರೌಟರಿಗೆ ಅಂತಲೇ ಇರುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ಎಳೆಯುತ್ತದೆ. ಗೇಮಿಂಗ್ ಕಂಪ್ಯೂಟರಿಗೆ ಸುರಿಯುವ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ, ಮನೆಯವರೆಲ್ಲರಿಗೂ ಉಪಯೋಗ. ವೀಡಿಯೊ ಕಾಲ್ ವಿಷಯದಲ್ಲಿ ಮಾತ್ರ ಸಾಧನದ ತಪ್ಪಿಲ್ಲ: ಯುಎಇಯಿಂದ ವಾಟ್ಸಾಪ್ ಕಾಲ್ ಬರದಿರುವುದು ಅಲ್ಲಿಯ ನಿಯಮದಿಂದ. ಬೋಟಿಮ್‌ನಂಥ ಅಲ್ಲಿ ಅನುಮತಿ ಇರುವ ಆ್ಯಪ್ ಮನೆಯ ಸಾಧನದಲ್ಲೂ ಸರಿಯಾಗಿ ನಡೆಯುತ್ತದಾ ಅಂತ ನೋಡಿದರೆ ಸಾಕು.

ಬಳಸಿದ ಸಾಧನ ಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಎರಡು ವರ್ಷ ಹಳೆಯ ಒಳ್ಳೆಯ ಫೋನ್, ಹೊಸ ಕಳಪೆ ಫೋನಿಗಿಂತ ಮೇಲು. ನೋಡಬೇಕಾದ್ದು ಇನ್ನೆಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಬರುತ್ತದೆ ಎಂಬುದನ್ನು. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷದ ಭರವಸೆ ಇದೆ. ಅಗ್ಗದ ಟ್ಯಾಬುಗಳಿಗೆ ಎರಡು ವರ್ಷವೂ ಕಷ್ಟ. ತೀರಾ ಹಳತು ತಂದರೆ ವಾಟ್ಸಾಪೇ ನಿಲ್ಲುತ್ತದೆ. 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಕೆಳಗಿನದರಲ್ಲಿ ಅದು ನಡೆಯುತ್ತಿಲ್ಲ. ಕದ್ದ ಮಾಲು ಕೈಗೆ ಬಂದರೆ ಪೊಲೀಸ್ ಠಾಣೆ ಸುತ್ತಬೇಕಾದೀತು. ಅದಕ್ಕೆ *#06# ಒತ್ತಿ ಬರುವ ಐಎಂಇಐ ನಂಬರನ್ನು ಪೆಟ್ಟಿಗೆಯ ನಂಬರಿನ ಜೊತೆ ತಾಳೆ ನೋಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲೂ ಅದೇ ನಂಬರ್ ಹಾಕಿದರೆ ಆ ಫೋನ್ ಬ್ಲಾಕ್ ಆಗಿದೆಯಾ ಅಂತ ತೋರಿಸುತ್ತದೆ. ಸ್ವಂತ ಫೋನ್ ಕಳೆದುಹೋದರೆ ಬ್ಲಾಕ್ ಮಾಡಿಸುವುದೂ ಅಲ್ಲೇ. ಹಳೆಯ ಮಾಲೀಕರ ಗೂಗಲ್ ಅಥವಾ ಆ್ಯಪಲ್ ಖಾತೆ ತೆಗೆದಿದ್ದಾರಾ ಅಂತ ಅವರ ಎದುರಲ್ಲೇ ಫೋನ್ ರೀಸೆಟ್ ಮಾಡಿಸಿ ನೋಡದೆ ದುಡ್ಡು ಕೊಡಬೇಡಿ.

ಸಿಗ್ನಲ್ ಪರೀಕ್ಷೆಗೆ ಖರ್ಚೇ ಇಲ್ಲ. ಕೊಳ್ಳುವ ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನನ್ನು ಮಕ್ಕಳು ಓದುವ ಕೋಣೆಯಲ್ಲಿಟ್ಟು ಐದು ನಿಮಿಷ ವೀಡಿಯೊ ಓಡಿಸಿ. ಹಗಲು ಒಮ್ಮೆ, ಎಲ್ಲರೂ ನೆಟ್ ಬಳಸುವ ರಾತ್ರಿ ಎಂಟು ಗಂಟೆಗೆ ಇನ್ನೊಮ್ಮೆ. ಮಳೆ ಬರುವ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮಳೆ ಅಂದಾಗ ಕಡವಿನ ದೋಣಿಯೂ ನೆನಪಾಗುತ್ತದೆ. ಐಪಿ68 ಅಂತ ಬರೆದ ಫೋನ್ ಶುದ್ಧ ನೀರಿನಲ್ಲಿ ಕಂಪನಿ ಹೇಳಿದ ಆಳ, ಹೊತ್ತಿನ ತನಕ ತಡೆಯುತ್ತದೆ ಎಂಬುದು ಪ್ರಯೋಗಾಲಯದ ಮಾತು. ನೀರು ಹೋಗಿ ಹಾಳಾದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಟ್ಯಾಬುಗಳಲ್ಲಿ, ಗೇಮಿಂಗ್ ಹ್ಯಾಂಡ್‌ಹೆಲ್ಡುಗಳಲ್ಲಿ ಹೆಚ್ಚಿನವಕ್ಕೆ ಅಂಥ ರಕ್ಷಣೆಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಳೆ ದಾಟುವವರು ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಬಟ್ಟೆಯ ನಡುವೆ ಇಟ್ಟುಕೊಳ್ಳಲಿ. ಒದ್ದೆಯಾದರೆ ಅಕ್ಕಿ ಡಬ್ಬಿಗೆ ಹಾಕುವುದು ಬೇಡ. ಹಿಟ್ಟಿನ ಧೂಳು ಚಾರ್ಜಿಂಗ್ ತೂತಿಗೆ ಹೋಗುತ್ತದೆ. ಆಫ್ ಮಾಡಿ, ಒರೆಸಿ, ಫ್ಯಾನಿನ ಗಾಳಿಯಲ್ಲಿ ಒಂದು ದಿನ ಒಣಗಲು ಬಿಟ್ಟು ಆಮೇಲೆಯೇ ಚಾರ್ಜಿಗೆ ಹಾಕಿ.